ನಮ್ಮ ಹುಳು ಮನೆಯನ್ನು ನೋಡಿದ ಕಣ್ಣಿಗೆ

ಮನೆಯಲ್ಲೇ ಕೂತು ಬರೆಯುವ ಪರೀಕ್ಷೆಗಳನ್ನು ಎಲ್ಲಿಂದಲೋ ಕಾಯುವ ಕಣ್ಗಾವಲು ಯಂತ್ರದವರ ಸನ್ನಿಧಾನಕ್ಕೆ, ದೇವನಹಳ್ಳಿ ತಾಲ್ಲೂಕು ಆವತಿಯಿಂದ ಆದಿನಾರಾಯಣಪ್ಪನವರ ಮಗಳು ಮಮತ ಕೈಮುಗಿದು ಬರೆದುಕೊಳ್ಳುವುದು.

ಮಾನ್ಯರೇ,

ಮೊಟ್ಟಮೊದಲಿಗೆ ನನ್ನ ಅಕ್ಷರಕ್ಕೂ ಕಾಗುಣಿತಕ್ಕೂ ಕ್ಷಮೆ ಇರಲಿ. ನಾನು ಓದಿದ್ದು ಏಳನೇ ತರಗತಿ. ಅದಾದ ಮೇಲೆ ಬರೆದದ್ದೆಂದರೆ ರೇಷ್ಮೆ ಹುಳು ಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಹಾಕುವ ದಿನದ ಲೆಕ್ಕ ಮಾತ್ರ. ಸಾಲುಗಳು ಬಲಕ್ಕೆ ಹೋಗುತ್ತಾ ಮೇಲೇರಿದ್ದರೆ ಅದು ಅಹಂಕಾರವೆಂದು ತಿಳಿಯಬಾರದು. ಮಾತಿನಲ್ಲಿ ಹೇಳಿಬಿಡೋಣವೆಂದರೆ ಫೋನಿನಲ್ಲಿ ‘ಹಲೋ’ ಎಂದ ನಂತರ ಏನು ಹೇಳಬೇಕೆಂಬುದು ನನಗೆ ಈವರೆಗೂ ಹೊಳೆದಿಲ್ಲ. ಹಾಗಾಗಿ ಕಾಗದವೇ ನನಗೆ ಗತಿ. ತಮ್ಮ ವಿಳಾಸವನ್ನು ತಾವು ಯಾರಿಗೂ ಕೊಟ್ಟಿಲ್ಲವಾದ್ದರಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಎಲ್ಲವನ್ನೂ ನೋಡುವವರು ತಾವು, ಇದೂ ಕಣ್ಣಿಗೆ ಬಿದ್ದೀತು.

ತಾವು ಯಂತ್ರವೋ, ಯಂತ್ರದ ಹಿಂದೆ ಕೂತ ಮನುಷ್ಯರೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಣ್ಣ ಮುನಿಕೃಷ್ಣ ಯಂತ್ರವೇ ಅನ್ನುತ್ತಾನೆ. ಅಮ್ಮ ಮುನಿವೆಂಕಟಮ್ಮನವರು, ಇಲ್ಲ ಮನುಷ್ಯರೇ, ಅದೂ ಹೊತ್ತಿಗೆ ಸರಿಯಾಗಿ ಊಟ ಸಿಗದ ಮನುಷ್ಯರು ಅನ್ನುತ್ತಾರೆ. ಯಾವುದಕ್ಕೂ ಇರಲಿ ಎಂದು ನಾನು ಬಹುವಚನ ಹಾಕಿದ್ದೇನೆ. ಒಂದು ವೇಳೆ ಯಂತ್ರವೇ ಆಗಿದ್ದರೆ ಹೆಚ್ಚಾದ ಮರ್ಯಾದೆಯನ್ನು ತಾವೇ ಇಟ್ಟುಕೊಳ್ಳಬೇಕು, ವಾಪಸ್ ಕಳುಹಿಸಬಾರದು.

ಈ ಪತ್ರಕ್ಕೆ ಕಾರಣ ತಾವೇ. ಮೊನ್ನೆ ಪರೀಕ್ಷೆ ಮುಗಿದ ಮರುಗಳಿಗೆಯಲ್ಲಿ ತಾವು ನಮ್ಮ ಅತ್ತಿಗೆ ಯಶಸ್ವಿನಿಯವರಿಗೆ ‘ನಮ್ಮ ಸೇವೆ ಹೇಗಿತ್ತು?’ ಎಂದು ಕೇಳಿ, ಐದು ನಕ್ಷತ್ರಗಳನ್ನು ತೋರಿಸಿ, ಎಷ್ಟು ಕೊಡುತ್ತೀರಿ ಎಂದಿರಂತೆ. ನಕ್ಷತ್ರದ ಪಕ್ಕದಲ್ಲಿ ಏನಾದರೂ ಬರೆಯಲು ಹೆಬ್ಬೆರಳಷ್ಟು ಜಾಗವನ್ನೂ ಬಿಟ್ಟಿದ್ದಿರಂತೆ. ಅತ್ತಿಗೆಯವರು ‘ನನ್ ಕಣ್ಣು ಉರೀತಿದೆ ಮಮತಾ, ನಡೆದಿದ್ದೆಲ್ಲಾ ನಿಂಗೂ ಗೊತ್ತಲ್ಲ, ನೀನೇ ಬರಿ’ ಎಂದು ನನಗೆ ವಹಿಸಿ ಮಲಗಿದರು. ಹೆಬ್ಬೆರಳಷ್ಟು ಜಾಗದಲ್ಲಿ ನನ್ನ ಅಕ್ಷರ ಹಿಡಿಸುವುದಿಲ್ಲ, ಅದಕ್ಕಾಗಿ ಈ ಹಾಳೆಗಳು.

ಅತ್ತಿಗೆಯವರು ದೇವನಹಳ್ಳಿಯ ಆಚೆ, ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದಾರೆ. ಅಲ್ಲಿ ಈ ವರ್ಷ ಹೊಸ ವಿಭಾಗವೊಂದು ಶುರುವಾಗುವುದಿತ್ತು. ಮಾರ್ಚ್ ಮೂವತ್ತೊಂದರೊಳಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ತಂದರೆ ಆ ವಿಭಾಗದ ಉಸ್ತುವಾರಿ ಅವರಿಗೆ, ತರದಿದ್ದರೆ ಅವರ ಹೆಸರು ಪುಣೆಯ ಘಟಕಕ್ಕೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಪುಣೆ ಎಂಬ ಹೆಸರು ನಮ್ಮ ಮನೆಯೊಳಗೆ ಬಂದದ್ದು ಆಗಲೇ. ಅಣ್ಣ ಊಟಕ್ಕೆ ಕೂತಾಗ ಮಾತು ಕಡಿಮೆ ಮಾಡಿದ. ಅಮ್ಮ ಯಾರನ್ನೋ ವಿಚಾರಿಸಿಕೊಂಡು ಬಂದು, ‘ಅಲ್ಲಿ ರಾಗಿ ಹಿಟ್ಟೇ ಸಿಗಲ್ವಂತೆ ಕಣೇ, ಈ ಮಗೀಗೆ ಮುದ್ದೆ ಇಲ್ದೆ ನಿದ್ದೆ ಬರಲ್ಲ’ ಎಂದು ನನ್ನೊಬ್ಬಳ ಹತ್ತಿರ ಹೇಳಿ, ಅತ್ತಿಗೆಯ ಎದುರು ಏನೂ ಆಗದವರಂತೆ ಸೊಪ್ಪು ಬಿಡಿಸುತ್ತಿದ್ದರು.

ಪರೀಕ್ಷೆಯ ತಯಾರಿ ನಾಲ್ಕು ತಿಂಗಳು ನಡೆಯಿತು. ಅತ್ತಿಗೆಯವರು ಕೆಲಸದಿಂದ ಬಂದು, ನಾನು ಹುಳುಗಳಿಗೆ ಸೊಪ್ಪು ಹಾಕುವಾಗ ಜೊತೆಗೆ ನಿಂತು, ತಮ್ಮ ದಪ್ಪ ಪುಸ್ತಕದ ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳಿ ಉತ್ತರ ಹುಡುಕುತ್ತಿದ್ದರು. ಪ್ರಶ್ನೆಗಳೆಲ್ಲಾ ಒಂದೇ ತರದವು: ಕೆಲಸ ಅರ್ಧಕ್ಕೆ ಬಂದಿದೆ, ಒಬ್ಬಾತ ಎರಡು ದಿನ ತಡ ಮಾಡಿದ್ದಾನೆ, ಉಸ್ತುವಾರಿ ಹೊತ್ತವರು ಮೊದಲು ಏನು ಮಾಡಬೇಕು? ಮೇಲಿನವರಿಗೆ ದೂರು ಕೊಡಬೇಕೇ, ಆತನನ್ನು ತೆಗೆದುಹಾಕಬೇಕೇ, ತಾವೇ ಆ ಕೆಲಸ ಮಾಡಿ ಮುಗಿಸಬೇಕೇ, ಇಲ್ಲ ಆತನೊಂದಿಗೆ ಕೂತು ಮಾತಾಡಬೇಕೇ? ಅತ್ತಿಗೆಯವರು ಪ್ರತಿಸಲವೂ ‘ತಾವೇ ಮಾಡಿ ಮುಗಿಸಬೇಕು’ ಎಂಬುದಕ್ಕೆ ಗುರುತು ಹಾಕುತ್ತಿದ್ದರು, ಪುಸ್ತಕ ಪ್ರತಿಸಲವೂ ತಪ್ಪು ಅನ್ನುತ್ತಿತ್ತು. ಅವರ ಮೇಲೆ ತಪ್ಪಿಲ್ಲ. ಆರು ವರ್ಷ ಅವರು ಬದುಕಿದ್ದೇ ಹಾಗೆ. ಒಂದು ದಿನ ನಾನು ಹೆದರಿಕೊಂಡೇ ‘ಯಾಕ್ ತಡ ಆಯ್ತು ಅಂತ ಆವಯ್ಯನ್ನೇ ಕೇಳ್ಬಾರ್ದಾ ಅತ್ತಿಗೆ?’ ಎಂದೆ. ಪುಟ ತಿರುವಿ ನೋಡಿದರೆ ಅದೇ ಸರಿಯುತ್ತರ. ಅಮ್ಮ ಬಾಗಿಲಲ್ಲಿ ನಿಂತವರು, ‘ಇದನ್ನ ಕೇಳಕ್ಕೂ ಒಂದ್ ಪರೀಕ್ಷೆನಾ? ಕೆಲ್ಸ ಇಲ್ದೋರು’ ಎಂದು ಹೊರಟುಹೋದರು. ಆ ಮಾತು ತಮ್ಮನ್ನು ಕುರಿತದ್ದಲ್ಲ, ಪುಸ್ತಕ ಬರೆದವರನ್ನು ಕುರಿತದ್ದು ಎಂದು ಭಾವಿಸಬೇಕಾಗಿ ಕೋರಿಕೆ.

ಇನ್ನು ಜಾಗದ ವಿಚಾರ. ತಮ್ಮ ನಿಯಮದಂತೆ ಕೋಣೆಯಲ್ಲಿ ಪರೀಕ್ಷೆ ಬರೆಯುವವರ ಹೊರತು ಯಾರೂ ಇರಬಾರದು, ಸದ್ದಿರಬಾರದು, ಗೋಡೆ ಬರಿದಾಗಿರಬೇಕು. ನಮ್ಮ ಮನೆಯ ನಡುಮನೆಯಲ್ಲಿ ಟೀವಿಯೂ ಅದರ ಮೇಲೆ ಅಣ್ಣನ ಮದುವೆ ಫೋಟೋವೂ ಇವೆ, ಮಲಗುವ ಕೋಣೆಯಲ್ಲಿ ರಾಗಿ ಮೂಟೆಗಳೂ ತಾತನ ಫೋಟೋವೂ ಇವೆ, ದೇವರ ಕೋಣೆಯಲ್ಲಿ ಇರುವವರೆಲ್ಲಾ ದೇವರೇ. ಬರಿ ಗೋಡೆಯೆಂದರೆ ಹಿತ್ತಲಿನ ಹುಳು ಮನೆಯೊಂದೇ. ಆದರೆ ಒಳಗೆ ಹುಳುಗಳು ನಾಲ್ಕನೇ ಜ್ವರದ ಹತ್ತಿರಕ್ಕೆ ಬಂದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ; ಹುಳು ಹಳೆಯ ಪೊರೆ ಬಿಡಲು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಒಂದು ಹಗಲು ಒಂದು ರಾತ್ರಿ ಅಲುಗದೆ ಕೂರುತ್ತದೆ. ಬೇರೆ ದಿನಗಳಲ್ಲಿ ಅವು ಸೊಪ್ಪು ತಿನ್ನುವ ಸದ್ದು ಮಳೆ ಹುಯ್ದಂತೆ ಕೇಳುತ್ತದೆ, ಜ್ವರದ ದಿನ ಮಾತ್ರ ಆ ಮನೆಯಷ್ಟು ನಿಶ್ಶಬ್ದವಾದ ಜಾಗ ತಾಲ್ಲೂಕಿನಲ್ಲಿ ಇಲ್ಲ, ಸೊಪ್ಪು ಹಾಕಲು ಯಾರೂ ಒಳಗೆ ಹೋಗಬೇಕಾಗಿಯೂ ಇಲ್ಲ. ಆದ್ದರಿಂದ ನಾನು ದಿನ ಎಣಿಸಿ ಮಾರ್ಚ್ ನಾಲ್ಕು ಎಂದೆ, ಅತ್ತಿಗೆಯವರು ತಮ್ಮಲ್ಲಿ ಅದೇ ದಿನವನ್ನು ಗೊತ್ತು ಮಾಡಿಕೊಂಡರು. ಹುಳುಗಳು ಒಂದು ಗಳಿಗೆಯೂ ಹೆಚ್ಚುಕಮ್ಮಿ ಮಾಡದೆ ಮಾರ್ಚ್ ನಾಲ್ಕರ ಬೆಳಗ್ಗೆ ಜ್ವರಕ್ಕೆ ಕೂತವು. ಆ ದಿನ ತಮ್ಮ ನಿಯಮಗಳನ್ನು ಪೂರ್ತಿ ಪಾಲಿಸಿದವರೆಂದರೆ ಅವುಗಳೇ.

ಪರೀಕ್ಷೆಗೆ ಮುನ್ನ ತಾವು ಕ್ಯಾಮರಾವನ್ನು ನಾಲ್ಕೂ ಗೋಡೆಗಳ ಕಡೆ ತಿರುಗಿಸಿ ತೋರಿಸಲು ಹೇಳಿದಿರಿ, ಅತ್ತಿಗೆಯವರು ತೋರಿಸಿದರು. ಹುಳು ಸಾಕುವ ಸ್ಟ್ಯಾಂಡುಗಳ ಮೇಲೆ ಸಾವಿರಾರು ಸಂಖ್ಯೆಯಲ್ಲಿ ತಲೆ ಎತ್ತಿ ಕೂತಿರುವುದು ಏನೆಂದು ತಾವು ಕೇಳಿದಿರಿ, ರೇಷ್ಮೆ ಹುಳು ಎಂದು ಅತ್ತಿಗೆಯವರು ಬರೆದರು. ಆರು ನಿಮಿಷ ಬಿಟ್ಟು ತಾವು ಕೊಟ್ಟ ಅಪ್ಪಣೆಯನ್ನು ನಮ್ಮ ಮನೆಯಲ್ಲಿ ಈಗಲೂ ಬಾಯಿಪಾಠ ಹೇಳುತ್ತೇವೆ: ‘ಪರೀಕ್ಷೆಯ ಅವಧಿಯಲ್ಲಿ ಅವು ತಮಗೆ ಯಾವುದೇ ರೀತಿಯಲ್ಲಿ ನೆರವಾಗದಂತೆ ನೋಡಿಕೊಳ್ಳಿ.’ ನಮ್ಮ ಹುಳುಗಳ ಬುದ್ಧಿಯ ಮೇಲೆ ಇಷ್ಟು ವಿಶ್ವಾಸವಿಟ್ಟವರು ತಮ್ಮ ಹೊರತು ಯಾರೂ ಇಲ್ಲ. ರೇಷ್ಮೆ ಇಲಾಖೆಯವರೂ ಇಟ್ಟಿಲ್ಲ.

ಮುಂದೆ ನಡೆದದ್ದರಲ್ಲಿ ನನ್ನದೂ ಒಂದು ಪಾಲಿದೆ, ಮುಚ್ಚಿಡುವುದಿಲ್ಲ. ನಾವಿಬ್ಬರೂ ದನದ ಹಟ್ಟಿಯ ಮುಂದೆ ಕೂತಿದ್ದಾಗ ಅಮ್ಮ ‘ಒಳಗೇನ್ ಮಾಡ್ತಾವ್ಳೆ?’ ಎಂದು ಕೇಳಿದರು, ನಾನು ‘ಯಾರಿಗೋ ಕ್ಯಾಮರಾದಲ್ಲಿ ನಾಕ್ ಗೋಡೆ ತೋರಿಸ್ತಿದ್ರು’ ಎಂದುಬಿಟ್ಟೆ. ಅಮ್ಮ ಕೂತಲ್ಲಿಂದ ಎದ್ದುಬಿಟ್ಟರು. ಹುಳು ಸಾಕುವ ಮನೆಯೊಳಕ್ಕೆ ಹೊರಗಿನವರ ಕಣ್ಣು ಬೀಳಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ನೆಂಟರಿಷ್ಟರು ಬಂದರೂ ಹಿತ್ತಲಿನ ಈಚೆಗೇ ಕಾಫಿ ಕೊಟ್ಟು ಕಳುಹಿಸುತ್ತೇವೆ, ಅದರಲ್ಲೂ ಜ್ವರದ ದಿನ ಸ್ವಂತ ಅಕ್ಕತಂಗಿಯರನ್ನೂ ಬಿಡುವುದಿಲ್ಲ. ಅಂಥದ್ದರಲ್ಲಿ ಹೆಸರಿಲ್ಲದ, ಊರಿಲ್ಲದ, ಮುಖವೇ ಇಲ್ಲದ ಕಣ್ಣೊಂದು ಒಂದೂ ಬಿಡದೆ ಎಲ್ಲ ಸ್ಟ್ಯಾಂಡುಗಳನ್ನೂ ನೋಡಿದೆ ಎಂದರೆ! ಅಮ್ಮ ಅಟ್ಟ ಹತ್ತಿ, ಈ ಮನೆ ಕಟ್ಟುವಾಗ ಮುಂದೆ ತೂಗುಹಾಕಿದ್ದ ದೃಷ್ಟಿ ಬೊಂಬೆಯನ್ನು ಇಳಿಸಿ, ಧೂಳು ಒರೆಸಿ, ಪರೀಕ್ಷೆ ಬರೆಯುವವರಿಗೆ ತೊಂದರೆಯಾಗಬಾರದೆಂದು ಸದ್ದೇ ಮಾಡದೆ, ಹುಳು ಮನೆಯ ಹಿಂದಿನ ಕಿಟಕಿಗೆ ಹೊರಗಡೆಯಿಂದ ಒಳಮುಖವಾಗಿ ಕಟ್ಟಿ ಬಂದರು. ಉರಿಗಣ್ಣು, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ, ಕಿವಿಯವರೆಗೆ ತಿರುವಿದ ಮೀಸೆ. ಆ ಕಿಟಕಿ ಸರಿಯಾಗಿ ಅತ್ತಿಗೆಯ ಬೆನ್ನ ಹಿಂದಕ್ಕಿತ್ತು.

ತೊಂಬತ್ತೇಳನೇ ಪ್ರಶ್ನೆಯಲ್ಲಿದ್ದ ಅತ್ತಿಗೆಯವರಿಗೆ ತಮ್ಮಿಂದ ಸಂದೇಶ ಬಂತು: ನಿಮ್ಮ ಹಿಂದೆ ಮೀಸೆಯ ವ್ಯಕ್ತಿಯೊಬ್ಬರು ನಿಂತಿದ್ದಾರೆ, ಅವರನ್ನು ಕೂಡಲೇ ಕಳುಹಿಸಿ. ಇಲ್ಲಿ ಯಾರೂ ಇಲ್ಲ ಎಂದು ಅತ್ತಿಗೆಯವರು ಬರೆದರು. ಇದ್ದಾರೆ, ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದಾರೆ ಎಂದು ತಾವು ಬರೆದಿರಿ. ತಿರುಗಿ ನೋಡೋಣವೆಂದರೆ ಪರದೆಯಿಂದ ಕಣ್ಣು ತೆಗೆಯಬಾರದೆಂಬುದು ತಮ್ಮ ಹದಿನಾಲ್ಕನೇ ನಿಯಮ. ನಮ್ಮ ಮನೆಯಲ್ಲಿ ಮೀಸೆಯಿರುವುದು ಅಪ್ಪನಿಗೆ ಮಾತ್ರ. ಆದ್ದರಿಂದ ಅತ್ತಿಗೆಯವರು ಕತ್ತು ತಿರುಗಿಸದೆ, ಪರದೆಯನ್ನೇ ನೋಡುತ್ತಾ, ‘ಮಾವ, ದಯವಿಟ್ಟು ಆಚೆ ಹೋಗಿ ಮಾವ, ಆಮೇಲೆ ಬಂದು ಮಾತಾಡ್ತೀನಿ’ ಎಂದು ಮರ್ಯಾದೆಯಿಂದಲೇ ಕೇಳಿಕೊಂಡರು. ಅಪ್ಪ ಆ ಹೊತ್ತಿನಲ್ಲಿ ಅರ್ಧ ಮೈಲಿ ದೂರದ ಹಿಪ್ಪುನೇರಳೆ ತೋಟದಲ್ಲಿ ನೀರು ಕಟ್ಟುತ್ತಿದ್ದರು. ಪರೀಕ್ಷೆಯ ನಡುವೆ ಬಾಯಿಬಿಟ್ಟು ಮಾತಾಡಿದ್ದು ಎರಡನೇ ತಪ್ಪಾಯಿತು. ಬೊಂಬೆ ಸೊಸೆಯ ಮಾತನ್ನು ಕೇಳದೆ ಹಾಗೇ ನಿಂತದ್ದು ಮೂರನೆಯದು. ತಾವು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಪರದೆಯನ್ನು ಕಪ್ಪು ಮಾಡಿದಿರಿ.

ಈ ಸಂದರ್ಭದಲ್ಲಿ ತಮ್ಮ ನೋಟವನ್ನು ಹೊಗಳದಿದ್ದರೆ ನನ್ನ ಕೈಗೆ ಸಮಾಧಾನವಿಲ್ಲ. ನಮ್ಮ ಬೀದಿಯ ದೊಡ್ಡಮುನಿಯಪ್ಪನವರು ಜಗಲಿಯ ಮೇಲೆ ಕೂತು, ಯಾರು ಯಾವ ಬಸ್ಸಿಗೆ ಹೋದರು, ಕೈಯಲ್ಲಿದ್ದ ಚೀಲ ಹೋಗುವಾಗ ಎಷ್ಟು ತೂಕವಿತ್ತು, ಬರುವಾಗ ಎಷ್ಟು ಎಂಬುದನ್ನೆಲ್ಲಾ ನಲವತ್ತು ವರ್ಷದಿಂದ ನೋಡುತ್ತಾ ಬಂದವರು. ಅವರ ನೋಟಕ್ಕೆ ಎದುರಿಲ್ಲವೆಂದೇ ನಾವೆಲ್ಲಾ ನಂಬಿದ್ದೆವು. ಆದರೆ ಅವರೂ ಸಹ ಬೊಂಬೆ ಯಾವುದು, ನಮ್ಮಪ್ಪ ಯಾವುದು ಎಂಬುದನ್ನು ಗುರುತಿಸಿಬಿಡುತ್ತಾರೆ. ಆ ದೌರ್ಬಲ್ಯ ತಮ್ಮಲ್ಲಿಲ್ಲ. ಹಾಗೆಯೇ ತಮ್ಮ ಕಿವಿ. ಹೊಂಗೆ ಮರದ ಕೋಗಿಲೆ ಎರಡು ಸಲ ಕೂಗಿದ್ದಕ್ಕೆ ತಾವು ‘ಕೋಣೆಯಲ್ಲಿ ಸದ್ದು’ ಎಂದು ಎಚ್ಚರಿಕೆ ಕೊಟ್ಟಿರಿ. ಮೂರು ನಿಮಿಷಕ್ಕೊಂದರಂತೆ ಸೂರು ಅದುರಿಸಿಕೊಂಡು ಹೋಗುವ ವಿಮಾನಗಳ ಬಗ್ಗೆ ಮಾತ್ರ ಒಂದಕ್ಷರ ಆಡಲಿಲ್ಲ. ದೊಡ್ಡವರೊಂದಿಗೆ ಹೇಗಿರಬೇಕು, ಕೋಗಿಲೆಯೊಂದಿಗೆ ಹೇಗಿರಬೇಕು ಎಂಬುದು ತಮಗೆ ಚೆನ್ನಾಗಿ ತಿಳಿದಿದೆ. ನಾಲಿಗೆಯನ್ನು ಗೇಣುದ್ದ ಹೊರಚಾಚಿಕೊಂಡಿರುವವರು ಉತ್ತರ ಹೇಳಿಕೊಡುವುದು ಹೇಗೆ ಎಂಬ ಒಂದು ಸಣ್ಣ ಅನುಮಾನ ನನ್ನಲ್ಲಿ ಉಳಿದಿದೆ. ಅದು ನನ್ನ ಓದು ಸಾಲದ್ದರಿಂದ ಇರಬಹುದು.

ಅತ್ತಿಗೆಯವರು ಮೇಲ್ಮನವಿ ಸಲ್ಲಿಸಿದರು. ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದು ತಾವು ಎರಡು ದಿನ ಬಿಟ್ಟು ಉತ್ತರಿಸಿದಿರಿ. ಅದು ವ್ಯಕ್ತಿಯಲ್ಲ, ಬೊಂಬೆ ಎಂದು ಅಣ್ಣ ಅದನ್ನು ಅಂಗಳದಲ್ಲಿ ನಿಲ್ಲಿಸಿ ಫೋಟೋ ತೆಗೆದು ಕಳುಹಿಸಿದ. ಚಿತ್ರದಲ್ಲಿರುವ ವ್ಯಕ್ತಿಯ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿ ಎಂದು ತಾವು ಬರೆದಿರಿ. ಅಪ್ಪ ಅದನ್ನು ಕೇಳಿ, ‘ನನ್ ಆಧಾರ್ ಕಾರ್ಡೇ ಕಳ್ಸು ಬಿಡೋ, ಫೋಟೋದಲ್ ನಾನೂ ಹಂಗೇ ಕಾಣ್ತೀನಿ’ ಎಂದರು. ಮನೆಯವರೆಲ್ಲಾ ನಕ್ಕರು. ಅತ್ತಿಗೆಯವರೂ ನಕ್ಕರು, ನಗುತ್ತಲೇ ಎದ್ದು ಹೋಗಿ ಹಿತ್ತಲ ತೊಟ್ಟಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದರು. ಅದನ್ನು ತಾವು ನೋಡಲಿಲ್ಲ, ಆಗ ಕ್ಯಾಮರಾ ಇರಲಿಲ್ಲ. ಕೊನೆಗೆ ತೀರ್ಪು ಬಂತು: ಪರೀಕ್ಷೆ ರದ್ದಾದದ್ದು ರದ್ದೇ, ಬೇಕಿದ್ದರೆ ಮತ್ತೆ ಬರೆಯಬಹುದು.

ಬೆಂಗಳೂರಿನ ಪರೀಕ್ಷಾ ಕೇಂದ್ರಗಳಲ್ಲಿ ಏಪ್ರಿಲ್ ನಡುವಿನವರೆಗೆ ಜಾಗವಿರಲಿಲ್ಲ. ಮೂವತ್ತೊಂದರೊಳಗೆ ಸಿಕ್ಕಿದ್ದು ಮಾರ್ಚ್ ಇಪ್ಪತ್ತೆಂಟು, ಅದೂ ಮನೆಯಿಂದಲೇ, ತಮ್ಮ ಕಣ್ಣೆದುರಿಗೇ. ಅಷ್ಟರಲ್ಲಿ ಹುಳುಗಳು ಹಣ್ಣಾಗಿ, ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋಗಿ, ಹುಳು ಮನೆ ತೊಳೆದು ಸುಣ್ಣ ಬಳಿದುಕೊಂಡು ಖಾಲಿಯಾಗಿತ್ತು. ಬೆಳೆ ಎಂದೂ ಇಲ್ಲದಷ್ಟು ಚೆನ್ನಾಗಿ ಬಂದದ್ದರಿಂದ ಅಮ್ಮ ಬೊಂಬೆಯ ಪರವಾಗಿಯೇ ನಿಂತರು. ಅವರನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಅತ್ತಿಗೆಯವರು ಮಾತ್ರ ಬೈಯುವ ಬದಲು ಬೇರೊಂದು ಕೆಲಸ ಮಾಡಿದರು. ಒಂದು ಸಂಜೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದು, ಸಾರಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮನ ಪಕ್ಕದಲ್ಲಿ ತಾವೂ ಕೂತು, ‘ಅತ್ತೆ, ಹೋದ್ಸಲ ನಿಮಗ್ ಹೇಳ್ದೇನೆ ನಾನೊಬ್ಳೇ ಎಲ್ಲಾ ಮಾಡ್ಕೊಳಕ್ ಹೋದೆ, ತಪ್ಪಾಯ್ತು’ ಎಂದು, ಕ್ಯಾಮರಾ ತೆರೆದು ತೋರಿಸಿದರು. ಅಮ್ಮ ಪರದೆಯಲ್ಲಿ ತಮ್ಮ ಮುಖವನ್ನೇ ಕಂಡು ಸೆರಗು ಸರಿಮಾಡಿಕೊಂಡು, ‘ಇಷ್ಟೇನಾ? ಆ ಕಡೆ ಕೂತೋರು ಎಲ್ಲವ್ರೆ?’ ಎಂದರು. ಅವರು ಕಾಣುವುದಿಲ್ಲ ಎಂದು ಅತ್ತಿಗೆ ಹೇಳಿದರು. ‘ನಾವ್ ಅವ್ರಿಗ್ ಕಾಣ್ತೀವಿ, ಅವ್ರು ನಮಗ್ ಕಾಣಲ್ಲ. ಹಂಗಾದ್ರೆ ನಾನ್ ಕಟ್ಟಿದ್ದು ಸರಿಯಾಗೇ ಐತೆ ಕಣಮ್ಮ’ ಎಂದ ಅಮ್ಮ ಇನ್ನೊಂದು ಹಿಡಿ ಸೊಪ್ಪು ಬಿಡಿಸಿ, ‘ಈಗ್ ಹುಳ ಇಲ್ವಲ್ಲ, ನೋಡ್ಕೊಂಡ್ ಹೋಗ್ಲಿ. ನಾನೇನ್ ಮಾಡ್ಬೇಕು ಹೇಳು’ ಎಂದು ಕೇಳಿದರು. ನನ್ನ ತಿಳಿವಳಿಕೆಯಲ್ಲಿ ಅತ್ತಿಗೆಯವರು ಪಾಸಾದದ್ದು ಆ ಸಂಜೆಯೇ, ತಾವು ತಿಳಿಸಿದ್ದು ಆಮೇಲೆ.

ಇಪ್ಪತ್ತೆಂಟರ ಬೆಳಗ್ಗೆ ನಮ್ಮ ಎಚ್ಚರಿಕೆ ತಮ್ಮನ್ನೂ ಮೀರಿಸಿತ್ತು. ಯಾವ ಮುಖವೂ ಇಣುಕಬಾರದೆಂದು ಹುಳು ಮನೆಯ ಎಲ್ಲ ಕಿಟಕಿಗಳಿಗೂ ಗೋಣಿತಾಟು ಬಿಗಿದೆವು, ಅತ್ತಿಗೆಯ ಎದುರು ಗೋಡೆಯ ಮೇಲ್ಗಡೆ ಇದ್ದ ಕಿಂಡಿಯೊಂದನ್ನು ಗಾಳಿಗೆಂದು ಬಿಟ್ಟೆವು, ಒಳಗೆ ದೊಡ್ಡ ಬಲ್ಬು ಹಾಕಿದೆವು. ಅಣ್ಣ ಕೋಳಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ತೋಟದ ಕಡೆಗೆ ಹೋದ, ಅಪ್ಪನನ್ನೂ ಅವರ ಮೀಸೆಯನ್ನೂ ಜೊತೆಗೇ ಕರೆದುಕೊಂಡು ಹೋದ. ಒಂಬತ್ತಕ್ಕೆ ಬಾಗಿಲು ಮುಚ್ಚಿತು. ಅಂಗಳದಲ್ಲಿ ಅಮ್ಮನೂ ನಾನೂ ಉಳಿದೆವು. ಹನ್ನೊಂದೂ ಮುಕ್ಕಾಲಿಗೆ, ಪರೀಕ್ಷೆಯಲ್ಲಿ ಇನ್ನೂ ಐವತ್ತು ಪ್ರಶ್ನೆಗಳಿದ್ದಾಗ, ಪಕ್ಕದ ತೋಟದ ಮೋಟರಿನ ಸದ್ದು ತಟ್ಟನೆ ನಿಂತಿತು. ಕರೆಂಟು ಹೋಗಿತ್ತು. ಲ್ಯಾಪ್‌ಟಾಪಿಗೆ ಬ್ಯಾಟರಿಯಿತ್ತು, ನೆಟ್‌ವರ್ಕ್ ಫೋನಿನದು. ಬಲ್ಬು ಮಾತ್ರ ಆರಿತು. ಕಿಟಕಿಗಳಿಗೆಲ್ಲಾ ಗೋಣಿ ಬಿಗಿದವರು ನಾವೇ ಆದ್ದರಿಂದ ಒಳಗೆ ಎಷ್ಟು ಕತ್ತಲೆಯೆಂದು ನಮಗೆ ಚೆನ್ನಾಗಿ ಗೊತ್ತಿತ್ತು. ಮುಖ ಕಾಣುತ್ತಿಲ್ಲ, ಎರಡು ನಿಮಿಷದಲ್ಲಿ ಕಾಣದಿದ್ದರೆ ಪರೀಕ್ಷೆ ನಿಲ್ಲಿಸಲಾಗುವುದು ಎಂದು ತಾವು ಆ ಗಳಿಗೆಯಲ್ಲಿ ಬರೆದಿದ್ದಿರೆಂದು ಆಮೇಲೆ ಅತ್ತಿಗೆಯವರು ಹೇಳಿದರು.

ಒಳಗೆ ಹೋಗುವಂತಿಲ್ಲ, ಕೂಗುವಂತಿಲ್ಲ, ಗೋಣಿ ಬಿಚ್ಚಿದರೆ ತಮಗೆ ನಮ್ಮ ಮುಖ ಕಾಣುತ್ತದೆ. ಅಮ್ಮ ಎರಡು ಕ್ಷಣ ಕಿಂಡಿಯನ್ನೂ ಸೂರ್ಯನನ್ನೂ ನೋಡಿ, ಅಡುಗೆ ಮನೆಗೆ ಓಡಿ, ಮದುವೆಯಲ್ಲಿ ಕೊಟ್ಟಿದ್ದ ದೊಡ್ಡ ಸ್ಟೀಲ್ ಹರಿವಾಣವನ್ನು ತಂದು, ಅಂಗಳದ ಬಿಸಿಲಿಗೆ ಹಿಡಿದು, ಆ ಬೆಳಕನ್ನು ಕಿಂಡಿಯೊಳಕ್ಕೆ ಎಸೆದರು. ಬೆಳಕು ಒಳಗಿನ ಸುಣ್ಣದ ಸೂರಿಗೆ ಬಡಿದು ಕೋಣೆಯೆಲ್ಲಾ ಬೆಳ್ಳಗಾಯಿತಂತೆ. ನಾನು ಅಪ್ಪನ ಕ್ಷೌರದ ಕನ್ನಡಿ ತಂದು ಪಕ್ಕದಲ್ಲಿ ನಿಂತೆ. ಸೂರ್ಯ ಸರಿದಂತೆ ಅಮ್ಮನೂ ಹೆಜ್ಜೆ ಹೆಜ್ಜೆಯಾಗಿ ಸರಿದರು. ತೋಳು ನಡುಗುತ್ತಿತ್ತು, ಹರಿವಾಣ ನಡುಗಲು ಬಿಡಲಿಲ್ಲ. ಹೀಗೆ ಒಂದು ಗಂಟೆ.

ಆ ನಡುವೆ ದೊಡ್ಡಮುನಿಯಪ್ಪನವರು ಬೇಲಿ ದಾಟಿ ಒಳಗೆ ಬಂದು, ‘ಏನಮ್ಮೋ, ಬಿಸಿಲಲ್ ನಿಂತ್ಕೊಂಡು ಯಾರಿಗೆ...’ ಎಂದು ಬಾಯಿ ತೆಗೆದರು. ಅವರ ಗಂಟಲು ಮೂರನೇ ಬೀದಿಗೆ ಕೇಳುವಂಥದ್ದು. ನಾನು ಹುಟ್ಟಿದಂದಿನಿಂದ ಅವರ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಅಂದು ಕನ್ನಡಿ ಕೆಳಗಿಟ್ಟು, ಅವರ ಬಾಯಿಗೆ ನನ್ನ ಕೈ ಅಡ್ಡ ಹಿಡಿದು, ಮತ್ತೊಂದು ಕೈಯಿಂದ ತೋಳು ಹಿಡಿದುಕೊಂಡು, ಬೇಲಿಯಾಚೆಗೆ ನಡೆಸಿಕೊಂಡು ಹೋಗಿ ಬಿಟ್ಟು ಬಂದೆ. ಅವರು ತಿರುಗಿ ಹರಿವಾಣವನ್ನೂ ಕಿಂಡಿಯನ್ನೂ ನೋಡಿದರು. ಆಮೇಲೆ ಏನು ಅರ್ಥವಾಯಿತೋ, ಅಲ್ಲೇ ಬೇಲಿಯ ಬಾಯಲ್ಲಿ ಕೋಲು ಊರಿಕೊಂಡು ನಿಂತು, ಹಾದಿಯಲ್ಲಿ ಬಂದವರನ್ನೆಲ್ಲಾ, ಗಂಟೆ ಕಟ್ಟಿದ ಒಂದು ಮೇಕೆಯನ್ನೂ ಸಹ, ಸದ್ದಿಲ್ಲದೆ ಕೈಸನ್ನೆಯಲ್ಲೇ ಬೇರೆ ದಾರಿಗೆ ಕಳುಹಿಸಿದರು.

ಒಂದು ಗಂಟೆಗೆ ಐದು ನಿಮಿಷವಿದ್ದಾಗ ಬಾಗಿಲು ತೆರೆಯಿತು. ಅತ್ತಿಗೆಯವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು, ‘ಮುಗೀತು’ ಎಂದರು. ಮುಗಿದದ್ದು ಹೇಗೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅಮ್ಮ ಹರಿವಾಣವನ್ನು ಕೆಳಗಿಳಿಸದೆಯೇ ಒಂದೇ ಮಾತು ಕೇಳಿದರು, ‘ಪುಣೆ?’ ಎಂದು. ಅತ್ತಿಗೆಯವರು ತಲೆಯಾಡಿಸಿ, ‘ಇಲ್ಲ ಅತ್ತೆ. ಪಾಸ್. ಎಲ್ಲೂ ಹೋಗಲ್ಲ’ ಎಂದರು. ಅಮ್ಮ ಹರಿವಾಣ ಇಳಿಸಲು ನೋಡಿದರೆ ತೋಳು ಮಡಿಯಲಿಲ್ಲ. ನಾನೂ ಅತ್ತಿಗೆಯೂ ಎರಡು ಕಡೆ ಹಿಡಿದು ಬಿಡಿಸಿಕೊಂಡೆವು, ಮೂರು ಜನವೂ ಯಾಕೆಂದು ತಿಳಿಯದೆ ನಗುತ್ತಿದ್ದೆವು.

ಮಾನ್ಯರೇ, ಇದು ನಮ್ಮ ಅನುಭವ. ಸೂರ್ಯನನ್ನು ಹೊರಗಿನ ನೆರವೆಂದು ಪರಿಗಣಿಸಿ ಪರೀಕ್ಷೆಯನ್ನು ಮತ್ತೆ ರದ್ದು ಮಾಡುವ ಆಲೋಚನೆ ತಮಗಿದ್ದರೆ, ಆತನ ಗುರುತಿನ ಚೀಟಿಯನ್ನು ತಾವೇ ತರಿಸಿಕೊಳ್ಳಬೇಕೆಂದು ವಿನಂತಿ. ಇನ್ನು ಕೆಲವು ಸಣ್ಣ ಕೋರಿಕೆಗಳಿವೆ. ರೆಪ್ಪೆ ಬಡಿಯದೆ ನಾಲ್ಕು ಗಂಟೆ ನೋಡುವ ಶಕ್ತಿ ತಮಗೆ ಹೇಗೂ ಇರುವುದರಿಂದ, ಮುಂದಿನ ಬೆಳೆಗೆ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಒಳಗೆ ನುಗ್ಗದಂತೆ ಕಾಯುವ ಕೆಲಸಕ್ಕೆ ತಾವು ಬರುವುದಾದರೆ ಎರಡು ಹೊತ್ತು ಊಟ ನಮ್ಮದು. ಒಂದೇ ಸಂದೇಶದಲ್ಲಿ ಪರೀಕ್ಷೆಯನ್ನು ನಿಲ್ಲಿಸುವ ತಾವು ಅದೇ ತರದ ಸಂದೇಶ ಕಳುಹಿಸಿ, ಹೋದ ಕರೆಂಟನ್ನು ಎರಡು ನಿಮಿಷದೊಳಗೆ ವಾಪಸ್ ಬರುವಂತೆಯೂ ಹೇಳಬಹುದು. ನೆರವಾಗಬಾರದೆಂದು ತಾವು ಕೊಟ್ಟ ಅಪ್ಪಣೆಯನ್ನು ತಪ್ಪದೆ ಪಾಲಿಸಿದ ನಮ್ಮ ಹುಳುಗಳಿಗೆ ನಡತೆಯ ಪ್ರಮಾಣಪತ್ರವೊಂದನ್ನು ಕೊಟ್ಟರೆ, ಅವು ಸೀರೆಯಾಗಿ ಯಾರ ಮನೆ ಸೇರಿದರೂ ಅಲ್ಲಿಗೆ ತಲುಪಿಸುವುದು ನನ್ನ ಜವಾಬ್ದಾರಿ.

ನಕ್ಷತ್ರಗಳ ವಿಷಯ. ಐದಕ್ಕೆ ಐದನ್ನೂ ಕೊಟ್ಟಿದ್ದೇನೆ. ಕಷ್ಟಪಟ್ಟು ದುಡಿಯುವವರ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ಅಮ್ಮ ಹೇಳಿದರು.

ತಾವು ಎಂದೂ ನೋಡದ, ನೋಡಿದರೂ ಗುರುತು ಹಿಡಿಯದ,
ತಮ್ಮ ವಿಶ್ವಾಸಿ,
ಮಮತ

ಹಾಳೆ ಮಡಚುವಾಗ ಸೇರಿಸಿದ್ದು: ಈ ದಿನ ಬೆಳಗ್ಗೆ ಅತ್ತಿಗೆಯವರು ಬಸ್ಸಿಗೆ ಹೊರಟು ನಿಂತಾಗ ಅವರಿಗೆ ಇನ್ನೊಂದು ಸಂದೇಶ ಬಂತು. ಈ ಪ್ರಮಾಣಪತ್ರ ಮೂರು ವರ್ಷ ಮಾತ್ರ ಬಾಳುತ್ತದೆ, ಅಷ್ಟರೊಳಗೆ ಅರವತ್ತು ಗಂಟೆ ಹೊಸದಾಗಿ ಕಲಿತದ್ದನ್ನು ತೋರಿಸದಿದ್ದರೆ ಪಾಸಾದದ್ದು ಅಳಿಸಿಹೋಗುತ್ತದೆ ಎಂದು ಅದರಲ್ಲಿತ್ತು. ಗೂಡು ಕಟ್ಟಿ ಮುಗಿಸಿದ ಹುಳುವಿಗೆ, ಎಲ್ಲಿ, ಹೊರಗೆ ಬಂದು ಇನ್ನೊಂದು ಸಲ ಸೊಪ್ಪು ತಿಂದು ತೋರಿಸು ಎಂದು ನಾವು ಈವರೆಗೆ ಕೇಳಿಲ್ಲ. ಅಷ್ಟು ದೂರಕ್ಕೆ ನಮ್ಮ ಬುದ್ಧಿ ಓಡಿರಲಿಲ್ಲ. ಅತ್ತಿಗೆಯವರು ಅದನ್ನು ಪೂರ್ತಿ ಓದಿ, ಫೋನನ್ನು ಚೀಲಕ್ಕೆ ಹಾಕಿ, ಅರ್ಧ ಕುಡಿದಿದ್ದ ಕಾಫಿ ಲೋಟವನ್ನು ನನ್ನ ಕೈಗಿಟ್ಟು ಓಡಿದರು. ಇನ್ನೂ ಬಿಸಿಯಿತ್ತು. ಕಟ್ಟೆಯ ಮೇಲೆ ಕೂತು ಕುಡಿದು, ಲೋಟ ತೊಳೆದು ಕವುಚಿಟ್ಟು ಬಂದೆ.